ಒಂದು ಶಿಲ್ಪ, ಹಲವು ಕಚೇರಿ: ಸಾರ್ವಜನಿಕ ಕಲಾಸಂಗ್ರಹಾಲಯವನ್ನು ನಡೆಸುವವರು ಯಾರು?

ಅಗಸ್ತ್ಯತೀರ್ಥದ ಉತ್ತರಕ್ಕೆ, ಬಾವನಬಂಡೆ ಕೋಟೆಯ ದಾರಿ ಏರತೊಡಗುವಲ್ಲಿ, ಗುಡ್ಡದ ಬುಡದಲ್ಲೇ ಬಾದಾಮಿಯ ಪುರಾತತ್ವ ವಸ್ತುಸಂಗ್ರಹಾಲಯವಿದೆ. ಅದರೊಳಗೆ ನಾಗನಾಥನಕೊಳ್ಳದಿಂದ ಬಂದ ಲಜ್ಜಾಗೌರಿಯ ಶಿಲ್ಪವಿದೆ. ತಲೆ ಇರಬೇಕಾದ ಕಡೆ ಅರಳಿದ ತಾವರೆ, ಹೆರಿಗೆಗೆ ಅಣಿಯಾದಂತೆ ಮಡಿಸಿ ಅಗಲಿಸಿದ ಕಾಲುಗಳು, ತುಂಬಿದ ಮೈ. ಮಕ್ಕಳ ಫಲ ಬೇಡಿ ಹೆಂಗಸರು ಪೂಜಿಸುತ್ತ ಬಂದ ಈ ತಾಯಿ ಈಗ ಪೂಜೆಯಿಲ್ಲದ ಕೋಣೆಯಲ್ಲಿ, ನೋಡುವವರ ಕಣ್ಣಿಗಾಗಿ ಕುಳಿತಿದ್ದಾಳೆ.

ಆ ಶಿಲ್ಪದ ಮುಂದೆ ನಿಂತಾಗಲೆಲ್ಲ ನನ್ನೊಳಗೆ ಕಲೆಯ ಪ್ರಶ್ನೆಗಳ ಜೊತೆಗೆ ಬೇರೊಂದು ಬಗೆಯ ಪ್ರಶ್ನೆಗಳೂ ಏಳುತ್ತವೆ. ಇದನ್ನು ಈ ಕೋಣೆಯಲ್ಲೇ ಇಡಬೇಕೆಂದು ಯಾರು ನಿರ್ಧರಿಸಿದರು? ಇದರ ಅಳತೆ, ಮೂಲ, ಕಾಲ ಯಾವ ರಿಜಿಸ್ಟರಿನಲ್ಲಿ ಬರೆದಿದೆ? ಕಲ್ಲು ಪುಡಿಯುದುರತೊಡಗಿದರೆ ಮೊದಲು ಗಮನಿಸುವವರು ಯಾರು, ಔಷಧ ಹಚ್ಚುವವರು ಯಾರು? ಗುಳೇದಗುಡ್ಡದಿಂದಲೋ ಇಳಕಲ್ಲಿನಿಂದಲೋ ಬಂದ ಶಾಲೆಯ ಮಕ್ಕಳಿಗೆ ಇದು ಏನು ಎಂದು ನಾಚಿಕೆಯಿಲ್ಲದೆ, ಗೌರವದಿಂದ ತಿಳಿಸಿ ಹೇಳುವ ಹೊಣೆ ಯಾರದು? ಒಂದೇ ಶಿಲ್ಪದ ಸುತ್ತ ಇಷ್ಟು ಕೆಲಸಗಳಿವೆ. ಪ್ರತಿಯೊಂದು ಕೆಲಸಕ್ಕೂ ಒಂದೊಂದು ವಿಭಾಗ, ಒಬ್ಬೊಬ್ಬ ಅಧಿಕಾರಿ, ಎಷ್ಟೋ ಸಲ ಬೇರೆ ಬೇರೆ ಊರು.

ಕಲಾಸಂಗ್ರಹಾಲಯಗಳ ಬಗ್ಗೆ ನಮ್ಮಲ್ಲಿ ಬರುವ ಬರಹಗಳು ಅಲ್ಲಿರುವ ಕಲೆಯ ಬಗ್ಗೆ ಇರುತ್ತವೆ. ಆ ಕಲೆಯನ್ನು ಕಾದು, ಅರಿತು, ಜನರ ಮುಂದಿಡುವ ಮಂದಿಯ ಬಗ್ಗೆ, ಅವರ ನಡುವಿನ ಹೊಣೆ ಹಂಚಿಕೆಯ ಬಗ್ಗೆ ಮಾತು ಕಡಿಮೆ. ಈ ಲೇಖನದ ವಿಷಯ ಅದೇ. ಬಾದಾಮಿಯಲ್ಲಿ ನಿಂತು ಕರ್ನಾಟಕದ ಉಳಿದ ಸಂಗ್ರಹಾಲಯಗಳನ್ನೂ ಹೊರಗಿನ ಒಂದೆರಡು ನಿದರ್ಶನಗಳನ್ನೂ ನೋಡಿ, ಸಾರ್ವಜನಿಕ ಕಲಾಸಂಗ್ರಹಾಲಯಕ್ಕೆ ಎಂಥ ನಾಯಕತ್ವ ಬೇಕು, ಎಂಥ ವಿಭಾಗಗಳು ಬೇಕು ಎಂದು ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಶೆಡ್ಡಿನಿಂದ ಸಂಗ್ರಹಾಲಯಕ್ಕೆ

ಬಾದಾಮಿಯ ಕಲೆಯನ್ನು ಕಚೇರಿಯ ಕಡತಕ್ಕೆ ತಂದವರಲ್ಲಿ ಮೊದಲಿಗರು ಜೇಮ್ಸ್ ಬರ್ಜೆಸ್. 1874ರಲ್ಲಿ ಅವರು ಬೆಳಗಾವಿ ಮತ್ತು ಆಗಿನ ಕಲಾದಗಿ ಜಿಲ್ಲೆಗಳ ಸಮೀಕ್ಷೆ ನಡೆಸಿದರು. ಬಾದಾಮಿ ಆಗ ಕಲಾದಗಿ ಜಿಲ್ಲೆಗೆ ಸೇರಿತ್ತು. 1926ರಲ್ಲಿ ಹೆನ್ರಿ ಕಸೆನ್ಸ್ ಅವರ ಚಾಲುಕ್ಯ ವಾಸ್ತುವಿನ ಗ್ರಂಥ ಬಂತು. 1928ರಲ್ಲಿ ಆರ್.ಡಿ. ಬ್ಯಾನರ್ಜಿ ಬಾದಾಮಿಯ ಉಬ್ಬುಶಿಲ್ಪಗಳ ಮೇಲೆ ಒಂದು ಸಂಪುಟವನ್ನೇ ಪ್ರಕಟಿಸಿದರು. ಇವರೆಲ್ಲರ ಕಣ್ಣು ನೆಲೆನಿಂತ ಸ್ಮಾರಕಗಳ ಮೇಲಿತ್ತು. ಹೊಲದಲ್ಲಿ, ಓಣಿಯಲ್ಲಿ, ಕೆರೆಯ ದಂಡೆಯಲ್ಲಿ, ಬಿದ್ದ ಗುಡಿಗಳ ಅಡಿಯಲ್ಲಿ ಸಿಕ್ಕ ಬಿಡಿ ಶಿಲ್ಪಗಳ ಗತಿ ಏನೆಂಬುದು ಉಳಿದೇ ಇತ್ತು.

ಸಿಕ್ಕ ವಸ್ತುವನ್ನು ದೂರದ ಮಹಾನಗರಕ್ಕೆ ಒಯ್ಯದೆ, ಅದು ಹುಟ್ಟಿದ ನೆಲದಲ್ಲೇ ಕಾಪಾಡಬೇಕೆಂಬ ನೀತಿಯನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಜಾನ್ ಮಾರ್ಷಲ್ ಅವರ ಕಾಲದಲ್ಲೇ ಹಿಡಿದಿತ್ತು. ಸಾರನಾಥದ ಸಂಗ್ರಹಾಲಯ 1904ರದು. ನಲಂದಾ, ಸಾಂಚಿ ಆಮೇಲೆ ಬಂದವು. ಇವುಗಳ ಆಡಳಿತಕ್ಕೆಂದೇ 1946ರಲ್ಲಿ ಮಾರ್ಟಿಮರ್ ವೀಲರ್ ಪ್ರತ್ಯೇಕ ವಸ್ತುಸಂಗ್ರಹಾಲಯ ಶಾಖೆಯನ್ನು ತೆರೆದರು. ಅಗೆಯುವುದು ಬೇರೆ ಕಸುಬು, ಅಗೆದು ತಂದದ್ದನ್ನು ಜನರಿಗೆ ತೋರಿಸುವುದು ಬೇರೆ ಕಸುಬು ಎಂಬ ಅರಿವು ಹೀಗೆ ಆಡಳಿತದೊಳಗೆ ಬಂತು.

ಮಲಪ್ರಭೆಯ ಕಣಿವೆಗೆ ಆ ನೀತಿ ತಲುಪಲು ಇನ್ನೂ ಕೆಲವು ದಶಕ ಹಿಡಿಯಿತು. ಐಹೊಳೆಯ ದುರ್ಗಾ ಗುಡಿಯ ಆವರಣದಲ್ಲಿ 1970ರಲ್ಲಿ ಶಿಲ್ಪಗಳಿಗೊಂದು ಶೆಡ್ ಆಯಿತು. ಅದು 1987ರಲ್ಲಿ ಪೂರ್ಣ ಸಂಗ್ರಹಾಲಯವಾಯಿತು. ಬಾದಾಮಿಯಲ್ಲಿ 1979ರಲ್ಲಿ ಶೆಡ್, 1982ರಲ್ಲಿ ಸಂಗ್ರಹಾಲಯ. ಪಟ್ಟದಕಲ್ಲಿನಲ್ಲೂ ಒಂದು ಶಿಲ್ಪ ಗ್ಯಾಲರಿ ಇದೆ.

ಶೆಡ್ಡಿಗೂ ಸಂಗ್ರಹಾಲಯಕ್ಕೂ ನಡುವಿನ ವ್ಯತ್ಯಾಸ ಕಟ್ಟಡದಿಂದ ಬರುವುದಿಲ್ಲ. ಶೆಡ್ಡಿಗೆ ಬೀಗ ಮತ್ತು ಕಾವಲುಗಾರ ಸಾಕು. ಸಂಗ್ರಹಾಲಯ ಅನ್ನಿಸಿಕೊಳ್ಳಬೇಕಾದರೆ ಆರಿಸುವವರು, ಬರೆದಿಡುವವರು, ಆರೈಕೆ ಮಾಡುವವರು, ಜೋಡಿಸುವವರು, ಹೇಳಿಕೊಡುವವರು ಬೇಕು. ಬಾದಾಮಿಯ ನಾಲ್ಕು ಗ್ಯಾಲರಿಗಳಲ್ಲಿ ಈ ಆರಿಸುವ ಕೈ ಕಾಣುತ್ತದೆ. ಆರನೆಯ ಶತಮಾನದಿಂದ ಹದಿನಾರರವರೆಗಿನ ಶಿಲ್ಪಗಳು ಇಲ್ಲಿವೆ: ಎರಡೂ ಬದಿಗೆ ಗಜಲಕ್ಷ್ಮಿಯುಳ್ಳ ಮಕರತೋರಣ, ಕಾಲಾರಿಮೂರ್ತಿ, ತ್ರಿಪುರಾಂತಕ ಶಿವ, ಭೈರವಿ, ಕೃಷ್ಣಕಥೆಯ ಪಟ್ಟಿಕೆಗಳು. ಒಂದು ಗ್ಯಾಲರಿಯಲ್ಲಿ ಹತ್ತಿರದ ಶಿಡ್ಲಫಡಿಯ ಪ್ರಾಗೈತಿಹಾಸಿಕ ಗವಿಯ ಮಾದರಿಯನ್ನೇ ಕಟ್ಟಿ, ಆದಿಮಾನವರ ಕಲ್ಲಿನ ಆಯುಧಗಳನ್ನು ಇಟ್ಟಿದ್ದಾರೆ. ಚಾಲುಕ್ಯರ ಕಲೆ ನೋಡಲು ಬಂದವರಿಗೆ, ಈ ಬಂಡೆಗಳ ಮೇಲೆ ಚಾಲುಕ್ಯರಿಗಿಂತ ಸಾವಿರಾರು ವರ್ಷ ಮೊದಲೇ ಮನುಷ್ಯ ಚಿತ್ರ ಬರೆದಿದ್ದ ಎಂದು ತಿಳಿಸಬೇಕೆಂದು ಯಾರೋ ಯೋಚಿಸಿದ್ದಾರೆ. ಕ್ಯುರೇಟರನ ಕೆಲಸ ಎಂದರೆ ಇದು.

ಒಂದು ಕಲ್ಲು ಹಾದುಬರುವ ಕೈಗಳು

ವಿಭಾಗಗಳು ಯಾಕೆ ಬೇಕೆಂದು ತಿಳಿಯಲು ಒಂದು ಕಲ್ಲಿನ ಜಾಡು ಹಿಡಿದರೆ ಸಾಕು. ರೈತನೊಬ್ಬನ ಹೊಲದಲ್ಲಿ ನೇಗಿಲಿಗೆ ಸಿಕ್ಕ ಒಂದು ವೀರಗಲ್ಲು ಸಂಗ್ರಹಾಲಯಕ್ಕೆ ಬಂತೆಂದು ಇಟ್ಟುಕೊಳ್ಳೋಣ.

ಮೊದಲ ಕೈ ದಾಖಲೆಯದು. ಕಲ್ಲಿಗೊಂದು ಸಂಖ್ಯೆ ಕೊಟ್ಟು, ಕಣ್ಣಿಗೆ ಬೀಳದ ಮೂಲೆಯಲ್ಲಿ ಬರೆದು, ರಿಜಿಸ್ಟರಿನಲ್ಲಿ ಅಳತೆ, ಕಲ್ಲಿನ ಜಾತಿ, ಸಿಕ್ಕ ಊರು, ಸಿಕ್ಕ ದಿನ, ಈಗಿನ ಸ್ಥಿತಿ, ಫೋಟೊ ಎಲ್ಲವನ್ನೂ ಸೇರಿಸಬೇಕು. ನೋಡಲು ಇದು ಗುಮಾಸ್ತಿಕೆಯ ಕೆಲಸ. ಆದರೆ ಶಿಲ್ಪ ಕಳುವಾದ ದಿನ ಇದರ ಬೆಲೆ ಗೊತ್ತಾಗುತ್ತದೆ. ತಮಿಳುನಾಡಿನ ಶ್ರೀಪುರಂದಾನ್ ಗುಡಿಯಿಂದ ಕಳುವಾದ ಕಂಚಿನ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ದುಡ್ಡು ಕೊಟ್ಟು ಕೊಂಡಿತ್ತು. ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿ ಹಿಂದೆಂದೋ ತೆಗೆದಿಟ್ಟ ಫೋಟೊಗಳು ಆ ಮೂರ್ತಿ ಯಾವ ಗುಡಿಯದೆಂದು ಸಾಕ್ಷಿ ನುಡಿದವು. 2014ರಲ್ಲಿ ನಟರಾಜ ಭಾರತಕ್ಕೆ ಮರಳಿದ. ಇಲ್ಲಿ ಎರಡು ಪಾಠಗಳಿವೆ. ಕೊಳ್ಳುವಾಗ ವಸ್ತುವಿನ ಹಿಂದಿನ ಕತೆಯನ್ನು ಕೆದಕಿ ನೋಡದ ಗ್ಯಾಲರಿ ಎಷ್ಟೇ ಸಿರಿವಂತವಾಗಿದ್ದರೂ ತಲೆತಗ್ಗಿಸಬೇಕಾಗುತ್ತದೆ. ಫೋಟೊ ತೆಗೆದು ಜೋಪಾನ ಮಾಡಿದ ಒಂದು ಸಣ್ಣ ವಿಭಾಗ ದೇಶದ ಸೊತ್ತನ್ನು ಮರಳಿ ತರಬಲ್ಲದು. ನಮ್ಮಲ್ಲಿ ಪುರಾತನ ವಸ್ತುಗಳ ಕಾಯಿದೆ 1972ರಲ್ಲೇ ಬಂತು. ಆದರೂ 2013ರ ಮಹಾಲೇಖಪಾಲರ ವರದಿ ಈ ದಾಖಲೆಯ ಕೆಲಸದಲ್ಲೇ ದೊಡ್ಡ ಕೊರತೆಗಳನ್ನು ಎತ್ತಿ ತೋರಿಸಿತು. ಈಗ ಸಂಗ್ರಹಗಳನ್ನು ಕಂಪ್ಯೂಟರಿಗೆ ಏರಿಸಲು ಪುಣೆಯ ಸಿ-ಡ್ಯಾಕ್ ರೂಪಿಸಿದ 'ಜತನ್' ತಂತ್ರಾಂಶ ದೇಶದ ಹಲವು ಸಂಗ್ರಹಾಲಯಗಳಲ್ಲಿ ಬಳಕೆಯಲ್ಲಿದೆ. ಜತನ ನಮ್ಮ ಭಾಗದ ಮನೆಮಾತು. ತಂತ್ರಾಂಶಕ್ಕೆ ಆ ಹೆಸರು ಒಪ್ಪುತ್ತದೆ.

ಎರಡನೆಯ ಕೈ ಓದುವವರದು. ವೀರಗಲ್ಲಿನ ಮೇಲೆ ಬರಹವಿದ್ದರೆ ಶಾಸನತಜ್ಞರು ಬರಬೇಕು. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಕುಂಚದಿಂದ ಬಡಿದು ಅಕ್ಷರದ ಕುಳಿಗಳಿಗೆ ಇಳಿಸಿ, ಮೇಲೆ ಮಸಿಯುಂಡೆ ಒತ್ತಿ ಪಡಿಯಚ್ಚು ತೆಗೆಯುವುದು ಇಂದಿಗೂ ನಂಬಿಗಸ್ತ ವಿಧಾನ. ಕೇಂದ್ರ ಇಲಾಖೆಯ ಶಾಸನ ಶಾಖೆ ಉದಕಮಂಡಲದಿಂದ 1966ರಲ್ಲಿ ಮೈಸೂರಿಗೆ ಬಂತು. ದ್ರಾವಿಡ ಮತ್ತು ಸಂಸ್ಕೃತ ಶಾಸನಗಳ ಓದು ಅಲ್ಲೇ ನಡೆಯುತ್ತದೆ.

ಮೂರನೆಯ ಕೈ ವೈದ್ಯರದು. ಬಾದಾಮಿಯ ಮರಳುಗಲ್ಲು ನೀರು ಕುಡಿಯುವ ಕಲ್ಲು. ನೀರಿನ ಜೊತೆ ಒಳಗೆ ಹೋದ ಲವಣ, ನೀರು ಆರಿದಾಗ ಹರಳುಗಟ್ಟಿ ಕಲ್ಲಿನ ಕಣಗಳನ್ನು ಹೊರಕ್ಕೆ ನೂಕುತ್ತದೆ. ಮೇಲ್ಮೈ ಹಿಟ್ಟಿನಂತೆ ಉದುರತೊಡಗುತ್ತದೆ. ಶುದ್ಧ ನೀರಿನಲ್ಲಿ ನೆನೆಸಿದ ಕಾಗದದ ಮುದ್ದೆಯನ್ನು ಮೆತ್ತಿ ಆ ಲವಣವನ್ನು ಮೆಲ್ಲಗೆ ಹೊರಗೆಳೆಯಬೇಕು. ಇದನ್ನು ಮಾಡುವವರು ರಸಾಯನ ಬಲ್ಲವರು. ಇಲಾಖೆಯ ವಿಜ್ಞಾನ ಶಾಖೆ 1917ರಲ್ಲಿ ಶುರುವಾದದ್ದು, ಅದರ ಕೇಂದ್ರ ದೆಹರಾದೂನ್. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವೊಂದು ಮೈಸೂರಿನಲ್ಲಿದೆ. ಬಾದಾಮಿಯಲ್ಲಿ ಚಾಲುಕ್ಯ ಮಂಗಲೇಶ 578ರಲ್ಲಿ ಮುಗಿಸಿದ ಮೂರನೆಯ ಗುಹಾಲಯದ ಸೂರಿನಲ್ಲಿ ಉಳಿದಿರುವ ಬಣ್ಣದ ಚಿತ್ರಗಳ ತುಣುಕುಗಳಿಗಂತೂ ಈ ವೈದ್ಯರ ಕಣ್ಣು ಸದಾ ಬೇಕು. ಒಮ್ಮೆ ಉದುರಿದ ಬಣ್ಣವನ್ನು ಯಾವ ಅನುದಾನವೂ ಮರಳಿ ತರಲಾರದು.

ನಾಲ್ಕನೆಯ ಕೈ ಜೋಡಿಸುವವರದು. ಪೀಠದ ಎತ್ತರ, ಬೆಳಕು ಬೀಳುವ ಕೋನ, ಪಕ್ಕದಲ್ಲಿ ಯಾವ ಶಿಲ್ಪ ಇರಬೇಕು, ಹೆಸರಿನ ಪಟ್ಟಿಯಲ್ಲಿ ಏನು ಬರೆಯಬೇಕು ಎಂಬುದೆಲ್ಲ ಇವರ ಹೊಣೆ. ಉಬ್ಬುಶಿಲ್ಪಕ್ಕೆ ಎದುರಿನಿಂದ ಬೆಳಕು ಬಿಟ್ಟರೆ ಅದು ಚಪ್ಪಟೆಯಾಗುತ್ತದೆ, ಪಕ್ಕದಿಂದ ಬಿಟ್ಟರೆ ಎದ್ದು ಬರುತ್ತದೆ. ಬೆಳಗಿನ ಎಳೆಬಿಸಿಲಿನಲ್ಲಿ ಭೂತನಾಥ ಗುಡಿಯ ಗೋಡೆ ಕಂಡವರಿಗೆ ಇದು ಗೊತ್ತು.

ಐದನೆಯ ಕೈ ಹೇಳಿಕೊಡುವವರದು. ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಿದ ಕೈ ಇದೇ. ಮುಂದೆ ಇದಕ್ಕೇ ಮರಳುತ್ತೇನೆ. ಆರನೆಯದು ಕಾವಲಿನದು. ದಿನವಿಡೀ ಶಿಲ್ಪದ ಜೊತೆ ಇರುವ ಒಬ್ಬನೇ ನೌಕರ ಕಾವಲುಗಾರ. ಹೊಸ ಬಿರುಕನ್ನು ಮೊದಲು ಕಾಣುವವನೂ, ನೋಡುಗರ ಪ್ರಶ್ನೆಯನ್ನು ಮೊದಲು ಕೇಳುವವನೂ ಅವನೇ. ಏಳನೆಯದು ಲೆಕ್ಕ ಮತ್ತು ಆಡಳಿತದ್ದು: ಸಂಬಳ, ಟಿಕೆಟ್, ವಿದ್ಯುತ್ತು, ಟೆಂಡರು. ಆವರಣದ ಹುಲ್ಲುಹಾಸು, ಗಿಡಮರ ನೋಡಿಕೊಳ್ಳಲೂ ಇಲಾಖೆಗೆ ತೋಟಗಾರಿಕೆ ಶಾಖೆಯಿದೆ, ಅದರ ಕೇಂದ್ರ ಆಗ್ರಾ.

ಈಗ ನಕ್ಷೆಯ ಮೇಲೆ ಗೆರೆ ಎಳೆಯೋಣ. ಕಲ್ಲು ಬಾದಾಮಿಯಲ್ಲಿ. ವಲಯ ಕಚೇರಿ ಧಾರವಾಡದಲ್ಲಿ, ಅಧೀಕ್ಷಕ ಪುರಾತತ್ವವಿದರ ಕೈಯಲ್ಲಿ. ಶಾಸನ ಮೈಸೂರಿನಲ್ಲಿ. ವಿಜ್ಞಾನ ದೆಹರಾದೂನಿನಲ್ಲಿ. ತೋಟ ಆಗ್ರಾದಲ್ಲಿ. ಮಹಾನಿರ್ದೇಶಕರು, ಸಂಸ್ಕೃತಿ ಸಚಿವಾಲಯ ದೆಹಲಿಯಲ್ಲಿ. ದೇಶದಲ್ಲಿ 3,600ಕ್ಕೂ ಹೆಚ್ಚು ಸ್ಮಾರಕಗಳನ್ನು ನೋಡಿಕೊಳ್ಳುವ ಇಲಾಖೆಗೆ ಇಂಥ ಹಂಚಿಕೆ ಬೇಕೇ ಬೇಕು. ಪ್ರತಿ ಊರಿಗೊಬ್ಬ ರಸಾಯನತಜ್ಞನನ್ನು ಕೂರಿಸಲಾಗದು. ಪರಿಣತಿ ಒಂದೆಡೆ ಕೂಡಿದ್ದರಿಂದಲೇ ಅದು ಬೆಳೆದಿದೆ ಎಂಬುದೂ ನಿಜ. ಆದರೆ ಶಿಲ್ಪದ ಮುಂದೆ ನಿಂತು, ಈ ಎಲ್ಲ ಕೈಗಳನ್ನೂ ಒಂದೇ ಮಾತುಕತೆಗೆ ಕೂಡಿಸುವವರು ಯಾರು ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ನಾಯಕತ್ವದ ಪ್ರಶ್ನೆ ಅಂದರೆ ಇದೇ.

ಕುರ್ಚಿಯಲ್ಲಿ ಯಾರು: ವಿದ್ವಾಂಸರೋ ಆಡಳಿತಗಾರರೋ?

ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ 1885ರಲ್ಲಿ ಬಿ.ಎಲ್. ರೈಸ್ ಅವರ ಮುಂದಾಳ್ತನದಲ್ಲಿ ಆರಂಭವಾಯಿತು. ಅವರ ಬಳಿಕ ಆ ಹೊಣೆ ಹೊತ್ತವರ ಸಾಲು ನೋಡಿ: ಆರ್. ನರಸಿಂಹಾಚಾರ್, ಅರ್ಥಶಾಸ್ತ್ರವನ್ನು ಜಗತ್ತಿಗೆ ತೋರಿಸಿದ ಆರ್. ಶಾಮಾಶಾಸ್ತ್ರಿ, ಚಂದ್ರವಳ್ಳಿ ಮತ್ತು ಬ್ರಹ್ಮಗಿರಿಗಳನ್ನು ಅಗೆಸಿದ ಎಂ.ಎಚ್. ಕೃಷ್ಣ. ಇವರೆಲ್ಲ ಕಡತಕ್ಕೆ ಸಹಿ ಹಾಕುತ್ತಲೇ ಶಾಸನ ಓದಿದವರು. ಅದೇ ಪರಂಪರೆಯಲ್ಲಿ ಬಂದ ಎಂ.ಎಸ್. ನಾಗರಾಜರಾವ್ ಕರ್ನಾಟಕ ಇಲಾಖೆಯ ನಿರ್ದೇಶಕರಾಗಿದ್ದವರು, 1980ರ ದಶಕದಲ್ಲಿ ಕೇಂದ್ರ ಇಲಾಖೆಯ ಮಹಾನಿರ್ದೇಶಕರಾದರು. ಬಾದಾಮಿ ಚಾಲುಕ್ಯರ ಮೇಲೆ 1978ರಲ್ಲಿ ಬಂದ ಮಹತ್ವದ ಲೇಖನ ಸಂಪುಟ ಅವರ ಸಂಪಾದನೆಯದು.

ಇಂದು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ತಲೆಯಲ್ಲಿ ಆಯುಕ್ತರಿದ್ದಾರೆ; ಆಡಳಿತ ಸೇವೆಯಿಂದ ಬಂದವರು ಆ ಹುದ್ದೆಯಲ್ಲಿ ಕೂರುವುದು ರೂಢಿ. ಕೇಂದ್ರ ಇಲಾಖೆಯಲ್ಲೂ ಹಲವು ಬಾರಿ ಹಾಗಾಗಿದೆ. ವಿದ್ವಾಂಸರು ಇದನ್ನು ವಿರೋಧಿಸುತ್ತಲೇ ಬಂದಿದ್ದಾರೆ. ವಿರೋಧದಲ್ಲಿ ಹುರುಳಿದೆ: ವರ್ಗಾವಣೆಯಾಗಿ ಬಂದ ಅಧಿಕಾರಿ ಸಂಗ್ರಹವನ್ನು ಅರಿಯುವ ಹೊತ್ತಿಗೆ ಮತ್ತೆ ವರ್ಗಾವಣೆಯಾಗುತ್ತದೆ. ಇನ್ನೊಂದು ಪಕ್ಷದ ಮಾತಿನಲ್ಲೂ ಸತ್ಯವಿದೆ. ಒತ್ತುವರಿ ಬಿಡಿಸಲು, ಅನುದಾನ ತರಲು, ಲೋಕೋಪಯೋಗಿ ಇಲಾಖೆಯನ್ನೂ ಪುರಸಭೆಯನ್ನೂ ಒಂದೇ ಮೇಜಿಗೆ ಕರೆಯಲು ಆಡಳಿತದ ಅಧಿಕಾರ ಬೇಕು.

ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯ ಒಂದು ದಾರಿ ತೋರಿಸಿತ್ತು. ಅದರ ಮೊದಲ ನಿರ್ದೇಶಕಿ ಗ್ರೇಸ್ ಮಾರ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕಲಾಸಂಗ್ರಹಾಲಯವನ್ನು ಕಟ್ಟಿ ಬೆಳೆಸಿ ಬಂದವರು. ಅವರಿಗೆ ಗೊತ್ತಿದ್ದ ಕಸುಬು ಸಂಗ್ರಹಾಲಯ ನಡೆಸುವುದೇ. ನಂತರ ಅಲ್ಲಿಯೇ ನಿರ್ದೇಶಕರಾದ ಸಿ. ಶಿವರಾಮಮೂರ್ತಿ ಮದ್ರಾಸು ಸಂಗ್ರಹಾಲಯದಲ್ಲಿ ಕ್ಯುರೇಟರ್ ಆಗಿ ಪಳಗಿದ ಮಹಾ ವಿದ್ವಾಂಸರು. ಸಂಗ್ರಹಾಲಯ ಶಾಸ್ತ್ರ ಎಂಬುದು ಇತಿಹಾಸಕ್ಕೂ ಆಡಳಿತಕ್ಕೂ ಸೇರದ ಮೂರನೆಯ ಕಸುಬು. ಬರೋಡದ ವಿಶ್ವವಿದ್ಯಾಲಯ 1952ರಲ್ಲೇ ಅದಕ್ಕೊಂದು ವಿಭಾಗ ತೆರೆದದ್ದು ಈ ಅರಿವಿನಿಂದಲೇ. ಕುರ್ಚಿಯಲ್ಲಿ ಯಾರೇ ಕೂತರೂ, ಈ ಮೂರನೆಯ ಕಸುಬು ಬಲ್ಲವರ ಮಾತು ಅಂತಿಮ ತೀರ್ಮಾನದಲ್ಲಿ ಇರಲೇಬೇಕು.

ಕರ್ನಾಟಕದ ನಾಲ್ಕು ಮಾದರಿಗಳು

ನಮ್ಮ ರಾಜ್ಯದಲ್ಲಿ ಜನರಿಗೆ ತೆರೆದಿರುವ ಕಲಾಸಂಗ್ರಹಾಲಯಗಳನ್ನು ಆಡಳಿತದ ರೀತಿಯಿಂದ ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ಕೇಂದ್ರ ಇಲಾಖೆಯ ನೆಲೆ ಸಂಗ್ರಹಾಲಯ. ಬಾದಾಮಿ, ಐಹೊಳೆ, ವಿಜಯಪುರದ ಗೋಲಗುಮ್ಮಟದ ಆವರಣ, ಹಂಪಿಯ ಕಮಲಾಪುರ, ಹಳೇಬೀಡು, ಶ್ರೀರಂಗಪಟ್ಟಣ ಈ ಸಾಲಿನವು. ಇವುಗಳ ದೊಡ್ಡ ಬಲ ನೆಲದ ನಂಟು. ಐಹೊಳೆಯ ಸಂಗ್ರಹಾಲಯದಲ್ಲಿ ಊರು ಮತ್ತು ಮಲಪ್ರಭೆಯ ಕಣಿವೆಯ ಕಿರು ಮಾದರಿಯನ್ನು ನೋಡಿ ಹೊರಗೆ ಕಾಲಿಟ್ಟರೆ ಅದೇ ಕಣಿವೆ ಕಣ್ಣಮುಂದೆ ಹರಡಿಕೊಳ್ಳುತ್ತದೆ. ಕೊರತೆ ಎಂದರೆ ತೀರ್ಮಾನದ ದೂರ.

ಎರಡನೆಯದು ರಾಜ್ಯ ಇಲಾಖೆಯದು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಎಡ್ವರ್ಡ್ ಬಾಲ್ಫರ್ ಅವರ ಯತ್ನದಿಂದ 1865ರಲ್ಲಿ ಆರಂಭವಾಗಿ, 1877ರಲ್ಲಿ ಈಗಿನ ಕೆಂಪು ಕಟ್ಟಡಕ್ಕೆ ಬಂತು. ಪಕ್ಕದಲ್ಲೇ ಚಿತ್ರಕಾರ ಕೆ. ವೆಂಕಟಪ್ಪನವರ ಹೆಸರಿನ ಗ್ಯಾಲರಿಯಿದೆ. ಅದರ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಒಪ್ಪಂದವಾದಾಗ, 2016ರಲ್ಲಿ ಕಲಾವಿದರು ಬಹಿರಂಗವಾಗಿ ಪ್ರತಿಭಟಿಸಿದರು. ಅವರು ಎತ್ತಿದ ಪ್ರಶ್ನೆ ದುಡ್ಡಿನದಾಗಿರಲಿಲ್ಲ. ಜನರ ಗ್ಯಾಲರಿಯ ಬಗ್ಗೆ ತೀರ್ಮಾನಿಸುವಾಗ ಜನರನ್ನೂ ಕಲಾವಿದರನ್ನೂ ಯಾಕೆ ಕೇಳಲಿಲ್ಲ ಎಂಬುದಾಗಿತ್ತು. ಇಲಾಖೆಯ ಕೈಯಲ್ಲಿರುವ ಗ್ಯಾಲರಿಗೆ ಸಲಹಾ ಸಮಿತಿ ಯಾಕೆ ಬೇಕು, ಅದರಲ್ಲಿ ಯಾರಿರಬೇಕು ಎಂಬುದನ್ನು ಆ ಹೋರಾಟ ಎಲ್ಲರಿಗೂ ತಿಳಿಸಿಕೊಟ್ಟಿತು.

ಮೂರನೆಯದು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. 1954ರಲ್ಲಿ ದೆಹಲಿಯ ಜೈಪುರ ಹೌಸಿನಲ್ಲಿ ತೆರೆದ ಈ ಸಂಸ್ಥೆಯ ಬೆಂಗಳೂರು ಶಾಖೆ 2009ರ ಫೆಬ್ರುವರಿಯಲ್ಲಿ ಮಾಣಿಕ್ಯವೇಲು ಬಂಗಲೆಯಲ್ಲಿ ಆರಂಭವಾಯಿತು. ಗ್ಯಾಲರಿಯ ಜೊತೆಗೆ ಸಭಾಂಗಣ, ಗ್ರಂಥಾಲಯಗಳನ್ನೂ ಕೂಡಿಸಿ ಕಟ್ಟಿದ್ದರಿಂದ ವಿಭಾಗಗಳು ಒಂದೇ ಆವರಣದಲ್ಲಿ ಕೆಲಸ ಮಾಡುತ್ತವೆ. ನೋಡಲು ಬಂದವರು ಉಪನ್ಯಾಸ ಕೇಳಿ, ಪುಸ್ತಕ ಓದಿ ಹೋಗಬಹುದು.

ನಾಲ್ಕನೆಯದು ಸಂಘ ಮತ್ತು ಟ್ರಸ್ಟುಗಳದು. 1960ರಲ್ಲಿ ಆರಂಭವಾದ ಕರ್ನಾಟಕ ಚಿತ್ರಕಲಾ ಪರಿಷತ್ತನ್ನು ಎಂ.ಎಸ್. ನಂಜುಂಡರಾವ್ ದಶಕಗಳ ಕಾಲ ಕಟ್ಟಿದರು. ತೊಗಲುಗೊಂಬೆ, ಮೈಸೂರು ಸಾಂಪ್ರದಾಯಿಕ ಚಿತ್ರ, ರೋರಿಕ್ ಕೃತಿಗಳು ಒಂದೇ ಸೂರಿನಡಿ ಬಂದವು. ಕಲಾಶಾಲೆ ಪಕ್ಕದಲ್ಲೇ ಇರುವುದರಿಂದ ವಿದ್ಯಾರ್ಥಿಗಳಿಗೆ ಮೂಲಕೃತಿಯೇ ಪಠ್ಯ. 2003ರಿಂದ ನಡೆಯುತ್ತಿರುವ ಚಿತ್ರಸಂತೆ ಕಲೆಯನ್ನು ಬೀದಿಗೆ ತಂದಿತು. ಮೈಸೂರಿನ ಜಗನ್ಮೋಹನ ಅರಮನೆಯ ಕಲಾಮಂದಿರವೂ ಟ್ರಸ್ಟಿನದು. ಒಬ್ಬರ ಕನಸು ದಶಕಗಳ ಕಾಲ ಒಂದೇ ದಿಕ್ಕಿನಲ್ಲಿ ನಡೆಯುವುದು ಈ ಮಾದರಿಯ ಬಲ. ಆ ಒಬ್ಬರ ನಂತರ ಏನು ಎಂಬುದು ಇದರ ಆತಂಕ.

ಉತ್ತರ ಕರ್ನಾಟಕದಲ್ಲಿ ಐದನೆಯದೊಂದು ಬೀಜರೂಪದಲ್ಲಿದೆ: ವಿಶ್ವವಿದ್ಯಾಲಯದ ಸಂಗ್ರಹಾಲಯ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಿಂದ ಶಿಲ್ಪ, ಶಾಸನಗಳನ್ನು ಕೂಡಿಸಿದೆ. ಸಂಶೋಧನೆಯೂ ಸಂಗ್ರಹವೂ ಒಂದೇ ಮನೆಯಲ್ಲಿದ್ದರೆ ಹೆಸರಿನ ಪಟ್ಟಿ ಹಳತಾಗುವುದಿಲ್ಲ.

ಗಣಿಯೊಳಗಿನ ಚಿತ್ರ, ತಿಂಗಳಿಗೊಂದು ಚಿತ್ರ

ವಿಭಾಗಗಳು ಒಂದಾಗಿ ನಡೆದರೆ ಏನಾದೀತು ಎಂಬುದಕ್ಕೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಯುದ್ಧಕಾಲದ ಕತೆ ಹೇಳಬೇಕು. ಬಾಂಬುಗಳಿಂದ ಉಳಿಸಲು ಅದರ ಚಿತ್ರಗಳನ್ನೆಲ್ಲ ಊರಾಚೆ ಸಾಗಿಸಿ, 1941ರಲ್ಲಿ ವೇಲ್ಸಿನ ಮನೋಡ್ ಗುಡ್ಡದ ಕಲ್ಲುಗಣಿಯೊಳಗೆ ಇಟ್ಟರು. ಗಣಿಯೊಳಗೆ ಬಿಸಿಯನ್ನೂ ತೇವವನ್ನೂ ಒಂದೇ ಹದದಲ್ಲಿ ಇರಿಸಿದ್ದರಿಂದ ಚಿತ್ರಗಳ ಆರೋಗ್ಯ ಸುಧಾರಿಸಿತು. ಯುದ್ಧ ಮುಗಿದ ಮೇಲೆ ಗ್ಯಾಲರಿಯ ಕೋಣೆಗಳಿಗೆ ಹವಾನಿಯಂತ್ರಣ ಬರಲು ಈ ಪಾಠವೇ ಕಾರಣ. ಇತ್ತ ಲಂಡನ್ನಿನಲ್ಲಿ ಬರಿದಾದ ಗೋಡೆಗಳನ್ನು ಕಂಡು ಓದುಗರೊಬ್ಬರು ಪತ್ರಿಕೆಗೆ ಬರೆದರು. ನಿರ್ದೇಶಕ ಕೆನೆತ್ ಕ್ಲಾರ್ಕ್ ಅದಕ್ಕೆ ಕಿವಿಗೊಟ್ಟರು. 1942ರಿಂದ ತಿಂಗಳಿಗೊಂದು ಚಿತ್ರವನ್ನು ಗಣಿಯಿಂದ ತಂದು ಜನರಿಗೆ ತೋರಿಸಲಾಯಿತು. ವಿಜ್ಞಾನಿ, ಸಾಗಿಸುವವರು, ಕಾವಲುಗಾರರು, ಆರಿಸುವವರು, ನಿರ್ದೇಶಕರು ಎಲ್ಲ ಒಂದೇ ಚಿತ್ರಕ್ಕಾಗಿ ದುಡಿದರು. ಕೇಳಿದವರು ಮಾತ್ರ ಸಾಮಾನ್ಯ ಜನ.

ಬಾದಾಮಿಯ ಸಂಗ್ರಹಾಲಯವೂ ತಿಂಗಳಿಗೊಂದು ವಸ್ತುವನ್ನು ವಿಶೇಷವಾಗಿ ತೋರಿಸುವ ಪದ್ಧತಿ ಹಾಕಿಕೊಂಡಿತು. ಸಣ್ಣ ಸಂಗ್ರಹಾಲಯಕ್ಕೆ ಇದಕ್ಕಿಂತ ಹೊಂದುವ ಕಾರ್ಯಕ್ರಮ ಇನ್ನೊಂದಿಲ್ಲ. ನೂರು ಶಿಲ್ಪ ನೋಡಿ ದಣಿಯುವ ಬದಲು ಒಂದರ ಮುಂದೆ ಅರ್ಧ ತಾಸು ನಿಲ್ಲಲು ಅದು ಕರೆಯುತ್ತದೆ. ಆದರೆ ತಿಂಗಳ ಶಿಲ್ಪ ನಿಜವಾಗಿ ಫಲ ಕೊಡಬೇಕಾದರೆ ಅದರ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತು ಮಾತಾಡಬೇಕು.

ಬಾದಾಮಿಗೆ ಮೊದಲು ಬೇಕಾದವರು

ಅಂತರರಾಷ್ಟ್ರೀಯ ಸಂಗ್ರಹಾಲಯ ಮಂಡಳಿ 2022ರ ಆಗಸ್ಟಿನಲ್ಲಿ ಪ್ರಾಗ್ ನಗರದಲ್ಲಿ ಸಂಗ್ರಹಾಲಯದ ಹೊಸ ವ್ಯಾಖ್ಯೆಯನ್ನು ಒಪ್ಪಿತು. ಸಂಶೋಧನೆ, ಸಂಗ್ರಹ, ಸಂರಕ್ಷಣೆಗಳ ಜೊತೆಗೆ ಅರ್ಥ ಬಿಡಿಸಿ ಹೇಳುವುದು ಮತ್ತು ಸಮುದಾಯಗಳು ಪಾಲುಗೊಳ್ಳುವುದು ಅದರೊಳಗೆ ಸೇರಿವೆ. ಈ ಅಳತೆಗೋಲಿನಿಂದ ನೋಡಿದರೆ ನಮ್ಮ ನೆಲೆ ಸಂಗ್ರಹಾಲಯಗಳಿಗೆ ಮೊದಲು ಬೇಕಾದದ್ದು ಶಿಕ್ಷಣ ವಿಭಾಗ.

ಲಜ್ಜಾಗೌರಿಗೇ ಮರಳೋಣ. ಏಳನೆಯ ತರಗತಿಯ ಮಕ್ಕಳು ಆ ಶಿಲ್ಪದ ಮುಂದೆ ಬಂದಾಗ ಏನಾಗುತ್ತದೆ? ಹೇಳುವವರಿಲ್ಲದಿದ್ದರೆ ಹುಡುಗರು ಮುಸಿಮುಸಿ ನಗುತ್ತಾರೆ, ಹುಡುಗಿಯರು ತಲೆ ತಗ್ಗಿಸುತ್ತಾರೆ, ಮೇಷ್ಟ್ರು ಸಾಲನ್ನು ಬೇಗ ಮುಂದಕ್ಕೆ ಸಾಗಿಸುತ್ತಾರೆ. ಬಲ್ಲವರೊಬ್ಬರು ಇದ್ದರೆ, ಬಿತ್ತಿದ ನೆಲ ಮೊಳಕೆಯೊಡೆಯುವುದಕ್ಕೂ ತಾಯಿ ಹೆರುವುದಕ್ಕೂ ನಮ್ಮ ಹಿರಿಯರು ಕಂಡ ನಂಟನ್ನು ಹೇಳುತ್ತಾರೆ. ತಲೆಯ ಜಾಗದಲ್ಲಿ ತಾವರೆ ಯಾಕೆಂದು ಮಕ್ಕಳನ್ನೇ ಕೇಳುತ್ತಾರೆ. ಸೀಗಿ ಹುಣ್ಣಿಮೆಯಂದು ಹೊಲಕ್ಕೆ ಚರಗ ಚೆಲ್ಲಿ, ತೆನೆ ಕಟ್ಟುವ ಪೈರನ್ನು ಬಸುರಿಯೆಂದು ಪೂಜಿಸುವ ಮನೆಗಳ ಮಕ್ಕಳಿಗೆ ಆ ಮಾತು ತಟ್ಟನೆ ತಿಳಿಯುತ್ತದೆ. ಒಂದೇ ಶಿಲ್ಪ, ಒಂದೇ ಕೋಣೆ; ಒಬ್ಬರ ಇರುವಿಕೆಯಿಂದ ನಾಚಿಕೆ ಗೌರವವಾಗುತ್ತದೆ.

ಇಂಥವರನ್ನು ದೂರದಿಂದ ತರಬೇಕಾಗಿಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಿಲ್ಪ ಮತ್ತು ವರ್ಣಚಿತ್ರ ವಿಭಾಗ ಬಾದಾಮಿಯ ಬನಶಂಕರಿಯಲ್ಲೇ ಇದೆ. ಉಳಿ ಹಿಡಿದು ಕಲಿಯುವ ವಿದ್ಯಾರ್ಥಿಗೆ ಮಕರತೋರಣದ ಒಂದೊಂದು ಗಾಯವೂ ಓದಲು ಬರುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಶಾಸನಶಾಸ್ತ್ರ ಓದಿದವರಿದ್ದಾರೆ. ಪರವಾನಗಿ ಪಡೆದ ಗೈಡ್‌ಗಳಿದ್ದಾರೆ. ಬಾದಾಮಿಯ ಬಗ್ಗೆ ಜೀವಮಾನವಿಡೀ ಬರೆದ ಸ್ಥಳೀಯ ವಿದ್ವಾಂಸರ ಪರಂಪರೆಯೂ ಇದೆ. ಇವರನ್ನು ಸಂಗ್ರಹಾಲಯದ ಕೆಲಸಕ್ಕೆ ಬೆಸೆಯುವ ಹುದ್ದೆಯೊಂದು ಊರಿನಲ್ಲೇ ಬೇಕು.

ನನ್ನ ಸಲಹೆ ದೊಡ್ಡದೇನಲ್ಲ. ಮಲಪ್ರಭೆಯ ಕಣಿವೆಯ ಮೂರೂ ನೆಲೆಗಳಿಗೆ, ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಿಗೆ ಸೇರಿ ಒಂದು ಸಣ್ಣ ತಂಡವಿರಲಿ. ಸಂಗ್ರಹದ ಹೊಣೆಗೆ ಕ್ಯುರೇಟರ್ ಒಬ್ಬರು, ದಾಖಲೆಗೆ ಒಬ್ಬರು, ಕಲ್ಲಿನ ಸ್ಥಿತಿಯನ್ನು ತಿಂಗಳಿಗೊಮ್ಮೆ ನೋಡಿ ದೆಹರಾದೂನಿಗೋ ಮೈಸೂರಿಗೋ ವರದಿ ಕಳಿಸಬಲ್ಲ ಸಂರಕ್ಷಣಾ ಸಹಾಯಕರೊಬ್ಬರು, ಮಕ್ಕಳಿಗೂ ಊರವರಿಗೂ ಹೇಳಿಕೊಡಲು ಶಿಕ್ಷಣಾಧಿಕಾರಿಯೊಬ್ಬರು. ಕಾವಲುಗಾರರಿಗೆ ವರ್ಷಕ್ಕೊಮ್ಮೆ ತರಬೇತಿ ಕೊಟ್ಟು, ಬಿರುಕು ಕಂಡರೆ ಬರೆದಿಡಲು ಅವರ ಕೈಗೊಂದು ವಹಿ ಕೊಡಲಿ. ಇವರೆಲ್ಲರ ಮೇಲೆ, ಸ್ಥಳದಲ್ಲೇ ವಾಸವಿದ್ದು ಸಣ್ಣ ತೀರ್ಮಾನಗಳನ್ನು ತಾನೇ ಕೈಗೊಳ್ಳಬಲ್ಲ ಮುಖ್ಯಸ್ಥರೊಬ್ಬರು. ಜೊತೆಗೆ ಶಿಲ್ಪಿ, ಶಿಕ್ಷಕ, ರೈತ, ನೇಕಾರರಿಗೂ ಜಾಗವಿರುವ ಸಲಹಾ ಸಮಿತಿ. ಧಾರವಾಡ, ಮೈಸೂರು, ದೆಹಲಿಗಳು ಕೊಡುವ ಪರಿಣತಿ ಹಾಗೇ ಇರಲಿ. ಅದನ್ನು ಕರೆಯುವ ದನಿ ಇಲ್ಲಿಂದ ಏಳಬೇಕು.

ಮೂಡಣ ಬಾಗಿಲ ಬರಹ

ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿಲೋಮೀಟರು. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಅಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಮೂಡಣ ಬಾಗಿಲಲ್ಲಿ ಒಂದು ಶಾಸನವಿದೆ. ಗುಡಿಯ ಸೂತ್ರಧಾರಿ ಗುಂಡನಿಗೆ ಅನಿವಾರಿತಾಚಾರಿ ಎಂಬ ಬಿರುದು ಸಂದದ್ದನ್ನು ಅದು ಹೇಳುತ್ತದೆ. ಸರ್ವಸಿದ್ಧಿ ಆಚಾರಿಯ ಹೆಸರೂ ಆ ಗುಡಿಯಲ್ಲಿದೆ. ಹತ್ತಿರದ ಪಾಪನಾಥ ಗುಡಿಯಲ್ಲಿ ರೇವಡಿ ಓವಜ್ಜ ಮತ್ತು ಬಲದೇವ, ಐಹೊಳೆಯಲ್ಲಿ ನರಸೊಬ್ಬ. ಕಟ್ಟಿಸಿದ ರಾಣಿ ಯಾರು, ರೂಪಿಸಿದವನು ಯಾರು, ಕಡೆದವನು ಯಾರು ಎಂಬುದನ್ನು ಬರುವವರೆಲ್ಲ ಓದುವಂತೆ ಕಲ್ಲಿನಲ್ಲೇ ಬರೆಸಿಟ್ಟರು. ಹೊಣೆ ಯಾರದೆಂದು ಜನರಿಗೆ ಗೊತ್ತಿರಬೇಕು ಎಂಬ ತಿಳಿವು ಈ ನೆಲಕ್ಕೆ ಹೊಸದಲ್ಲ.

ಹಾಗಾಗಿ ನನ್ನ ಕೊನೆಯ ಬೇಡಿಕೆಗೆ ಖರ್ಚು ಹೆಚ್ಚಿಲ್ಲ. ಬಾದಾಮಿಯ ಸಂಗ್ರಹಾಲಯದ ಬಾಗಿಲಲ್ಲಿ, ನಾಡಿನ ಪ್ರತಿಯೊಂದು ಸಾರ್ವಜನಿಕ ಗ್ಯಾಲರಿಯ ಬಾಗಿಲಲ್ಲಿ, ಕನ್ನಡದಲ್ಲಿ ಒಂದು ಫಲಕವಿರಲಿ. ಸಂಗ್ರಹ ಯಾರ ಹೊಣೆ, ದಾಖಲೆ ಯಾರದು, ಕಲ್ಲಿನ ಆರೈಕೆ ಯಾರದು, ಮಕ್ಕಳನ್ನು ಕರೆತಂದರೆ ಯಾರನ್ನು ಕೇಳಬೇಕು, ಹೊಲದಲ್ಲಿ ಶಿಲ್ಪ ಸಿಕ್ಕರೆ ಯಾರಿಗೆ ತಿಳಿಸಬೇಕು ಎಂದು ಅದರಲ್ಲಿ ಹುದ್ದೆ ಸಹಿತ ಬರೆದಿರಲಿ. ಹುದ್ದೆ ಖಾಲಿಯಿದ್ದರೆ ಖಾಲಿಯಿದೆ ಎಂದೇ ಬರೆಯಲಿ. ಲಜ್ಜಾಗೌರಿಯನ್ನು ನೋಡಿ ಹೊರಬಂದ ತಾಯಿಯೊಬ್ಬಳು ಆ ಫಲಕದ ಮುಂದೆ ನಿಂತು, ಮಗಳಿಗೆ ಅದನ್ನು ಓದಿ ಹೇಳುವಂತಾದರೆ, ಸಂಗ್ರಹಾಲಯ ಅವರದೂ ಆದಂತೆ.